ಶನಿವಾರದ ಗಿರಾಕಿ

ಒಂದು ಕಂಪ್ಯೂಟರ್ ಕೊಳ್ಳಲು ಮನುಷ್ಯ ಅಂಗಡಿಗೆ ಎಷ್ಟು ಸಲ ಬಂದಾನು? ಒಂದು ಸಲ. ಜಿಪುಣನಾದರೆ ಎರಡು ಸಲ. ಮಚ್ಛೇಂದ್ರ ಮಾಸ್ತರ ಮಾತ್ರ ಸಂಕ್ರಾಂತಿ ಕಳೆದಾಗಿನಿಂದ ಪ್ರತಿ ಶನಿವಾರ ಮಧ್ಯಾಹ್ನ ಬೀದರಿನ ಉದಗೀರ ರಸ್ತೆಯ ಆ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದ. ಔರಾದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಅವನು ಗಣಿತದ ಅತಿಥಿ ಶಿಕ್ಷಕ. ಶಾಲೆಗೊಂದು ಕಂಪ್ಯೂಟರ್ ಬೇಕಾಗಿತ್ತು. ಬಂದಾಗಲೆಲ್ಲ ಒಂದೇ ಪ್ರಶ್ನೆ ತರುತ್ತಿದ್ದ, ಉತ್ತರ ಕೇಳಿಕೊಂಡು ಹೋಗುತ್ತಿದ್ದ, ಕೊಳ್ಳುತ್ತಿರಲಿಲ್ಲ.

ಇಂಥವನಿಗೆ ಏನೆನ್ನಬೇಕೋ ಕೌಂಟರಿನ ಹಿಂದೆ ಕೂತ ಇವಾಂಜಲಿನಳಿಗೆ ತಿಳಿಯುತ್ತಿರಲಿಲ್ಲ. ತಿಳಿಯುತ್ತಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ ಬಿಡಿ. ಶನಿವಾರ ಬಂತೆಂದರೆ ಅವಳು ಕೌಂಟರಿನ ಗಾಜನ್ನು ಎರಡು ಸಲ ಒರೆಸುತ್ತಿದ್ದಳು.

"ಇವತ್ತೇನು ಕೇಳೋರಿದ್ದೀರಿ ಸರ್?"

"ರ‍್ಯಾಮ್ ಅಂದ್ರ ಏನರಿ ಮೇಡಂ? ಹೋದ ವಾರ ಹಾರ್ಡ್ ಡಿಸ್ಕ್ ಹೇಳಿದ್ರಿ. ಅದಕ್ಕೂ ಜಿಬಿ ಅಂತಾರ, ಇದಕ್ಕೂ ಜಿಬಿ ಅಂತಾರ. ಅಲ್ಲಿ ಐದುನೂರು ಇದ್ದಮ್ಯಾಲ ಇಲ್ಲಿ ಮತ್ತ ನಾಕು ಯಾಕ ಬೇಕು?"

"ಗಾಂಧಿ ಗಂಜ, ಕಾಳಿನ ಪ್ಯಾಟಿ ನೋಡೀರಲ್ಲ? ಹಾರ್ಡ್ ಡಿಸ್ಕ್ ಅಂದ್ರ ಹಿಂದಿನ ಗೋದಾಮ. ತೊಗರಿ ಚೀಲ ಎಷ್ಟರ ಇಡ್ರಿ, ಸುಮ್ಮ ಬಿದ್ದಿರ್ತಾವ. ರ‍್ಯಾಮ್ ಅಂದ್ರ ಅಂಗಡಿ ಮುಂದಿನ ಕಟ್ಟಿ. ಚೀಲ ಬಿಚ್ಚೋದು, ಹಸನ ಮಾಡೋದು, ತೂಗೋದು ಎಲ್ಲಾ ಕಟ್ಟಿ ಮ್ಯಾಲೇ. ಪ್ರೊಸೆಸರ್ ಅಂದ್ರ ಹಮಾಲ. ಗೋದಾಮ ಎಷ್ಟೇ ದೊಡ್ಡದಿರಲಿ, ಕಟ್ಟಿ ಗೇಣಷ್ಟಿದ್ರ ಹಮಾಲ ಚೀಲ ಹೊತ್ಕೊಂಡು ನಿಂತೇ ಇರ್ತಾನ."

"ಪಾಪ ಹಮಾಲ."

"ಪಾಪ ಅನಬ್ಯಾಡ್ರಿ. ಕಟ್ಟಿ ದೊಡ್ಡದು ಮಾಡ್ರಿ. ನಾಕು ಜಿಬಿಗಿಂತ ಕಡಿಮಿ ಬಿಲಕುಲ್ ತಗೋಬ್ಯಾಡ್ರಿ."

ಅವನು ನಕ್ಕ. ನಗುವಾಗ ಅವನ ಕಣ್ಣು ಮೊದಲು ಕೌಂಟರಿನ ಗಾಜಿಗೆ ಇಳಿಯುತ್ತಿತ್ತು. ಗಾಜಿನಲ್ಲಿ ಕಂಡ ಅವಳ ಮುಖದ ಮೇಲೆ ತುಸು ಹೊತ್ತು ನಿಂತು, ಆಮೇಲೆ ನಿಜವಾದ ಮುಖಕ್ಕೆ ಏರುತ್ತಿತ್ತು. ಅಷ್ಟರೊಳಗೆ ಇವಾಂಜಲಿನ ಸ್ಕ್ರೂಡ್ರೈವರು ಹುಡುಕುವ ನೆಪ ಮಾಡುತ್ತಿದ್ದಳು. ಸ್ಕ್ರೂಡ್ರೈವರು ಅವಳ ಕೈಯಲ್ಲೇ ಇರುತ್ತಿತ್ತು.

ಅವಳಿಗೆ ಅವನು ಇಷ್ಟವಾಗಲು ರೂಪ ಕಾರಣವಲ್ಲ. ರೂಪವೇನೂ ಕಡಿಮೆ ಇರಲಿಲ್ಲ, ಆ ಮಾತು ಬೇರೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಈ ಅಂಗಡಿ ಸೇರಿದ ದಿನದಿಂದ ಅವಳು ಕೇಳುತ್ತ ಬಂದ ಮಾತು ಒಂದೇ: "ಗಂಡು ಹುಡುಗ್ರು ಯಾರೂ ಇಲ್ಲೇನು? ಅವರನ್ನ ಕರೀರಿ." ಕೂದಲು ನರೆತವರೂ ಹಾಗೇ, ಮೀಸೆ ಚಿಗುರದವರೂ ಹಾಗೇ. ಅವಳು ಹೇಳಿದ್ದನ್ನು ಕೊನೆಯ ತನಕ ಕೇಳಿದ ಗಂಡಸು ಇವನೊಬ್ಬನೇ. ಪ್ರೊಸೆಸರಿನ ವಿಷಯ ಬಂದಾಗ, "ಡಬ್ಬಿ ಮ್ಯಾಲಿನ ನಂಬರ್ ದೊಡ್ಡದದ ಅಂತ ಹಳೀ ಐ-ಫೈವ್ ತಗೋಬ್ಯಾಡ್ರಿ, ಹೊಸಾ ಐ-ಥ್ರೀನೇ ಅದರಕಿಂತ ಛಲೋ" ಎಂದಾಗ, ಅವನು ಬಾಯಿ ತುಸು ತೆರೆದು ಕೇಳಿದ್ದ. ಆ ಮುಖ ನೆನೆಸಿಕೊಂಡು ಅವಳು ವಾರ ದೂಡುತ್ತಿದ್ದಳು.

ಬರುವುದಕ್ಕೆ ಅವನು ಕೊಡುತ್ತಿದ್ದ ಕಾರಣವೂ ಚೆಂದವಿತ್ತು. ಭಾಲ್ಕಿ ತಾಲೂಕಿನ ಮೆಹಕರ ಅವನ ಊರು. "ಊರಿಗಿ ಹೊಂಟಿದ್ದೆ, ದಾರ್ಯಾಗ ಇಳದೀನಿ" ಎನ್ನುತ್ತಿದ್ದ. ಔರಾದದಿಂದ ಭಾಲ್ಕಿಗೆ ಹೋಗುವವನು ಬೀದರಿಗೆ ಯಾಕೆ ಬರುತ್ತಾನೆ? ನೆಟ್ಟಗಿನ ರಸ್ತೆ ಬಿಟ್ಟು ಊರೆಲ್ಲ ಸುತ್ತಿಕೊಂಡು ಬರುವ ಈ ದಾರಿ ಎಂಥದ್ದೆಂದು ಬೀದರಿನಲ್ಲಿ ಹುಟ್ಟಿದವಳಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಗೊತ್ತಿದ್ದೇ ಸುಮ್ಮನಿದ್ದಳು.

ಅದು ಬರ ಬಿದ್ದು ಮಾಂಜ್ರಾ ನದಿಯ ಹೊಟ್ಟೆಯಲ್ಲಿ ದನ ಮೇಯುತ್ತಿದ್ದ ವರ್ಷ. ಗಾಂಧಿ ಗಂಜಿನ ಪೇಟೆಗೆ ಕಾಳು ಬರುತ್ತಿರಲಿಲ್ಲ, ಕೂಲಿಗೆ ಹೊರಟವರಿಂದ ತುಂಬಿದ ಹೈದರಾಬಾದಿನ ಬಸ್ಸುಗಳಲ್ಲಿ ಮಾತ್ರ ಕಾಲಿಡಲು ಜಾಗವಿರುತ್ತಿರಲಿಲ್ಲ. ಮಾರ್ಚಿನ ಒಂದು ದಿನ ಅಂಗಡಿಯ ಮಾಲೀಕ ಮಾಣಿಕ ಸೇಠ್ ಫ್ಯಾನಿನ ಕೆಳಗೆ ಕೂತು ಹೇಳಿಬಿಟ್ಟ.

"ಇಲ್ಲಿ ಇನ್ನ ನಡೆಯಂಗಿಲ್ಲ. ಅಂಗಡಿ ಹೈದ್ರಾಬಾದಿಗಿ ಒಯ್ತೇನಿ. ನೀನೂ ಬಾ, ಕೆಲಸ ಪಕ್ಕಾ. ನಿಮ್ಮವ್ವಗ ಕೇಳು."

ಅವ್ವ ಕ್ಯಾಥರಿನ, ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು, ಒಂದೇ ಮಾತಿನಲ್ಲಿ "ಹೋಗು" ಎಂದಳು. ಇವಾಂಜಲಿನ "ನೋಡ್ತೇನಿ" ಎಂದಳು. ಆ ಶನಿವಾರ ಸುದ್ದಿಯನ್ನು ಮಚ್ಛೇಂದ್ರನ ಮುಂದೆ ಇಟ್ಟು, ಅವನು ಏನೆನ್ನುತ್ತಾನೋ ಎಂದು ಕಾದಳು.

ಅವನು ಗಾಜಿನ ಮೇಲಿದ್ದ ತನ್ನ ಚೀಲ ಎತ್ತಿಕೊಂಡ. ಆಮೇಲೆ, "ಹೈದ್ರಾಬಾದ ಛಲೋ ಊರ್ರಿ" ಎಂದ.

ಅಷ್ಟೇ. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಮುಂದಿನ ಶನಿವಾರ ಅವನು ಬಂದಾಗ ಅವಳು ತಲೆ ಎತ್ತಲಿಲ್ಲ. ರಿಪೇರಿಗೆ ಬಂದ ಒಂದು ಕಂಪ್ಯೂಟರನ್ನು ಬಿಚ್ಚಿಟ್ಟುಕೊಂಡು ಕೂತಿದ್ದಳು. ಸ್ವಿಚ್ ಹಾಕಿದರೆ ಸ್ಕ್ರೀನು ಕಪ್ಪು, ಒಳಗಿನಿಂದ ಉದ್ದುದ್ದ ಬೀಪು. ಮತ್ತೆ ಹಾಕಿದಳು. ಮತ್ತೆ ಬೀಪು. ಮನಸ್ಸು ನೆಟ್ಟಗಿರಲಿಲ್ಲ.

"ರ‍್ಯಾಮ್ ತಗದು ರಬ್ಬರಲೇ ತಿಕ್ರಿ" ಎಂದ ಮಚ್ಛೇಂದ್ರ, ಎಲ್ಲೋ ನೋಡುತ್ತ. "ಹಂಗೂ ಆಗಲಿಲ್ಲಂದ್ರ ಇನ್ನೊಂದು ಸ್ಲಾಟಿಗಿ ಹಾಕ್ರಿ."

ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವನಿಗೆ ಹೊಳೆಯಿತು. ಇವಾಂಜಲಿನ ಮೆಲ್ಲಗೆ ತಲೆ ಎತ್ತಿದಳು.

"ರ‍್ಯಾಮ್ ಅಂದ್ರ ಏನು ಅಂತ ಕೇಳಿದವರು ನೀವೇ ಅಲ್ಲೇನ್ರಿ?"

"ಮೇಡಂ, ಡಿಗ್ರಿ ಓದುವಾಗ ಉದಗೀರದಾಗ ಒಂದು ಅಂಗಡ್ಯಾಗ ಅಸೆಂಬ್ಲಿ ಕೆಲಸ ಮಾಡೀನಿ."

"ಎಷ್ಟು ದಿನ?"

"ಎರಡು ವರ್ಷ."

ಎರಡು ವರ್ಷ. ಅವಳು ಗಂಜು, ಗೋದಾಮು, ಹಮಾಲ ಎಂದು ಕೈ ಆಡಿಸುತ್ತ ಹೇಳುವಾಗ ಇವನು ಎಲ್ಲ ತಿಳಿದೂ ಕೈಕಟ್ಟಿ ಕೂತಿದ್ದ. ಗಂಡು ಹುಡುಗರನ್ನು ಕರೆಯಿರಿ ಎನ್ನುವವರಾದರೂ ಎದುರಿಗೆ ಅವಮಾನ ಮಾಡುತ್ತಿದ್ದರು, ಇವನು ಬಾಯಿ ತೆರೆದುಕೊಂಡು ಕೂತು ಒಳಗೊಳಗೇ ನಕ್ಕನಲ್ಲ ಎಂದು ಅವಳ ಎದೆ ಉರಿಯಿತು.

ಆಗಲೇ ಅವನ ಫೋನು ರಿಂಗಾಗಬೇಕೆ? ಹೆಡ್ ಟೀಚರ್ ಶಿವಕಾಂತಾ ಅವರದು ದೊಡ್ಡ ಗಂಟಲು, ಅಂಗಡಿಗೆಲ್ಲ ಕೇಳಿಸಿತು.

"ಸರ್, ಕುಬರಾನೂ ಹೋದಳ್ರಿ. ಅವರಮ್ಮಿ ಮುನ್ನಿಬೀ ಬಂದು ಕರ್ಕೊಂಡು ಹೈದ್ರಾಬಾದಿನ ಬಸ್ ಹತ್ತಿಸ್ಯಾಳ. ಕಂಪ್ಯೂಟರ್ ಕಲಿತಾಳಂದ್ರ ಅಜ್ಜಿ ಹಂತ್ಯಾಕ ಬಿಡ್ತಿದ್ದೆ, ನಿಮ್ಮ ಕಂಪ್ಯೂಟರ್ ಎಲ್ಲದ ಅಂತ ಕೇಳಿದಳು. ನಾ ಏನು ಹೇಳಲಿ? ಮೊದಲಿನವು ಎರಡೂ ಸುಟ್ಟು ಹೋದ್ವು, ಈ ಸಲ ಎಲ್ಲಾ ಕೇಳಿ ತಗೋರಿ ಅಂದಿದ್ದೆ. ಇಷ್ಟು ದಿನ ಕೇಳ್ರಿ ಅಂದಿಲ್ಲ."

ಅವನು ಫೋನನ್ನು ಜೇಬಿಗಿಟ್ಟ.

"ಆ ಹುಡುಗಿ ಎಷ್ಟನೇ ಕ್ಲಾಸು?" ಇವಾಂಜಲಿನ ಕೇಳಿದಳು.

"ಒಂಬತ್ತು. ಲೆಕ್ಕದಾಗ ಭಾಳ ಶ್ಯಾಣ್ಯಾ."

"ನಿಮ್ಮ ಮಜಾಕಿನ ಸಲುವಾಗಿ ಒಂದು ಹುಡುಗಿ ಸಾಲಿ ಬಿಟ್ಟಾಳ. ನನಗ ಹಾಸ್ಯ ಮಾಡಿದ್ರಿ, ಮಾಡ್ಕೋರಿ, ನಾ ಮರೀತೇನಿ. ಇದಕ್ಕ ಏನ್ ಹೇಳ್ತೀರಿ?"

"ಹಾಸ್ಯ ಅಲ್ಲರಿ, ನಾನು..."

"ಆರ್ಡರ್ ಬರಸ್ರಿ. ಕರೆಂಟ್ ಕೊಡೋ ಎಸ್‌ಎಂಪಿಎಸ್ ಛಲೋದು ಹಾಕ್ತೇನಿ, ಯುಪಿಎಸ್ ಕೂಡ್ಸಿ ಕೊಡ್ತೇನಿ, ನಿಮ್ಮ ಕಡಿ ಕರೆಂಟ್ ಹ್ಯಾಂಗದ ಅಂತ ನನಗ ಗೊತ್ತದ. ಮುಂದಿನ ಶನಿವಾರ ಸಾಲಿಗಿ ಬರ್ತದ. ನೀವು ಮತ್ತ ಇಲ್ಲಿ ಬರೋದು ಬ್ಯಾಡ."

ಅವನು ಬರೆಸಿದ, ಸಹಿ ಹಾಕಿದ, ಹೋದ. ಅವಳು ರ‍್ಯಾಮ್ ತೆಗೆದು ರಬ್ಬರಿನಿಂದ ಉಜ್ಜಿ ಹಾಕಿದಳು. ಕಂಪ್ಯೂಟರ್ ಶುರುವಾಯಿತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ವಾರವಿಡೀ ಹಗಲು ಅಂಗಡಿಯ ಸಾಮಾನು ಕಟ್ಟುವುದು, ನಡುವೆ ಆ ಶಾಲೆಯ ಕಂಪ್ಯೂಟರ್ ಜೋಡಿಸುವುದು. ಒಂದೊಂದು ಭಾಗ ಕೂರಿಸುವಾಗಲೂ ಅವನು ಅದರ ಬಗ್ಗೆ ಕೇಳಿದ ದಿನ ನೆನಪಾಗುತ್ತಿತ್ತು. ಬೇಡವೆಂದರೂ ಬರುತ್ತಿತ್ತು. ಕಣ್ಣು ಒರೆಸಿಕೊಂಡು ಸ್ಕ್ರೂ ಬಿಗಿ ಮಾಡುತ್ತಿದ್ದಳು. ತಲುಪಿಸಲು ಬೇರೆ ಯಾರನ್ನಾದರೂ ಕಳಿಸಬಹುದಿತ್ತು. ತಾನೇ ಹೋಗುತ್ತೇನೆಂದು ಬಾಡಿಗೆ ಜೀಪು ಹತ್ತಿದಳು. ಕೆಲಸ ಪಕ್ಕಾ ಆಗಬೇಕೆಂದು, ಅಂತೆ. ನಂಬುವವರು ನಂಬಲಿ.

ಶಾಲೆಯಲ್ಲಿ ಮಚ್ಛೇಂದ್ರ ಪೆಟ್ಟಿಗೆ ಇಳಿಸಿಕೊಟ್ಟು ದೂರ ನಿಂತ. ಅವಳು ಅವನ ಕಡೆ ನೋಡಲಿಲ್ಲ. ಅವನು ಸೊರಗಿದ್ದಾನೆ ಎಂಬುದು ಮಾತ್ರ ನೋಡದೆಯೇ ಕಂಡಿತು. ಕಂಪ್ಯೂಟರ್ ಕೂರಿಸಿ, ಮೂಲೆಯಲ್ಲಿ ಸತ್ತು ಬಿದ್ದಿದ್ದ ಹಳೆಯ ಎರಡನ್ನೂ ಬಿಚ್ಚಿ ನೋಡಿದಳು.

"ಇವು ಸತ್ತಿಲ್ಲರಿ. ಎಸ್‌ಎಂಪಿಎಸ್ ಹೋಗ್ಯಾವ, ಅಷ್ಟೇ. ಒಂದು ದಿನದ ಕೆಲಸ."

"ಸುತ್ತಲ ಸಾಲಿಗಳಾಗೂ ಹಿಂಗೇ ಬಿದ್ದಾವರಿ" ಎಂದರು ಶಿವಕಾಂತಾ. "ಔರಾದದಾಗ ನೋಡೋರೇ ಇಲ್ಲ. ಬೀದರಕ್ಕ ಯಾರು ಹೊತ್ಕೊಂಡು ಹೋಗ್ತಾರ?"

ಕಂಪ್ಯೂಟರಿನ ಮುಂದೆ ಮೊದಲು ಕೂತವಳು ಸಣ್ಣ ಜಡೆಯ ಒಬ್ಬ ಹುಡುಗಿ. ಇವಾಂಜಲಿನ ಹೆಸರು ಕೇಳಿದಳು.

"ಕುಬರಾ."

ಇವಾಂಜಲಿನಳ ಕೈ ಅಲ್ಲೇ ನಿಂತಿತು. "ನೀ ಹೈದ್ರಾಬಾದಿಗಿ ಹೋಗಿದ್ದಿ ಅಲ್ಲ?"

"ಸರ್ ಬಂದಿದ್ರು. ಅಮ್ಮಿ ದುಡಿಯೋ ಬಿಲ್ಡಿಂಗ್ ಕಟ್ಟೋ ಜಾಗಕ್ಕ. ಅಮ್ಮಿಗಿ ಕೇಳಿದ್ರು, ಕಳಿಸ್ರಿ ಅಂತ. ಅಮ್ಮಿ ಭಾಳ ಬಯ್ದಳು. ಸರ್ ತಪ್ಪು ನಂದೇ ಅಂದ್ರು. ಮತ್ತ ಕೇಳಿದ್ರು. ಸಂಜಿ ತನಕ ನಿಂತೇ ಇದ್ರು."

ಇವಾಂಜಲಿನ ಸರಸರನೆ ಹೊರಗೆ ಬಂದಳು. ಮಚ್ಛೇಂದ್ರ ವರಾಂಡದ ಕಂಬಕ್ಕೆ ಒರಗಿ ನಿಂತಿದ್ದ. ಅಂಗಳದಲ್ಲಿ ಬಿಸಿಲು ಕುದಿಯುತ್ತಿತ್ತು.

"ಎಲ್ಲಾ ಗೊತ್ತಿದ್ದೂ ಯಾಕ ಕೇಳಿದ್ರಿ? ಖರೆ ಹೇಳ್ರಿ."

"ಹೆಸರು ಗೊತ್ತಿದ್ವು, ಜೋಡಸಲಾಕ ಬರ್ತಿತ್ತು. ಹುಡುಗ್ರಿಗಿ ತಿಳಸಲಾಕ ಬರ್ತಿರಲಿಲ್ಲ" ಎಂದ ಅವನು. "ಮೊದಲನೇ ದಿನ ನೀವು ಯಾರಿಗೋ ಹೇಳಲಾಕತ್ತಿದ್ರಿ, ಅವ ಅರ್ಧಕ್ಕ ಬಿಟ್ಟು ಹೋದ. ನನಗ ಉಳಿದರ್ಧ ಕೇಳಬೇಕು ಅನಸ್ತು. ನೀವು ಶನಿವಾರ ಹೇಳಿದ್ದು ಸೋಮವಾರ ಕ್ಲಾಸಿನಾಗ ಹೇಳ್ತಿದ್ದೆ. ಅದು ನೆಪ ಅಲ್ಲರಿ. ಆದ್ರ ಆಮ್ಯಾಲ..."

"ಆಮ್ಯಾಲ?"

"ಆಮ್ಯಾಲ ನೆಪಾನೇ. ತಗೊಂಡುಬಿಟ್ರ ಮತ್ತ ಹ್ಯಾಂಗ ಬರಲಿ?"

ಅವಳ ಸಿಟ್ಟು ಕರಗಿತು, ಆದರೆ ಅವನಿಗದು ಗೊತ್ತಾಗಬಾರದೆಂದು ದನಿ ಇನ್ನೂ ಬಿಗಿ ಮಾಡಿದಳು. "ಮುನ್ನಿಬೀಗ ಕೇಳಲಾಕ ಹೈದ್ರಾಬಾದ ತನಕ ಹೋದ್ರಿ, ಬಯ್ಸಕೊಂಡು ನಿಂತ್ರಿ. ನಾ ಎದುರಿಗೇ ಕುಂತಿದ್ದೆ. ಹೋಗ್ತೇನಿ ಅಂದೆ. ಒಂದು ಮಾತು ಕೇಳಲಾಕ ಆಗಲಿಲ್ಲೇನು ನಿಮಗ?"

"ಕುಬರಾಗ ಕೊಡಲಾಕ ಸಾಲಿ ಅದ. ನಿಮಗ ಕೊಡಲಾಕ ನನ್ನ ಹಂತ್ಯಾಕ ಏನದ? ಇದು ಎಲ್ಲಾರೂ ಬಿಟ್ಟು ಹೋಗೋ ಸೀಮಿ. ಇಂಥಲ್ಲಿ ಒಬ್ಬರಿಗಿ ಇರು ಅಂತ ಹ್ಯಾಂಗ ಕೇಳಲಿ?"

ಅವಳ ಕೈಯಲ್ಲಿದ್ದ ಫೋನು ರಿಂಗಾಯಿತು. ಮಾಣಿಕ ಸೇಠ್. "ಲಾರಿ ನಾಳಿಗಿ ಹೊಂಟದ. ನಿನ್ನ ಸಲುವಾಗಿ ಅಲ್ಲಿ ರೂಮು ಹೇಳಲೋ ಬ್ಯಾಡೋ? ಈಗ ಹೇಳಬೇಕು."

"ಒಂದು ನಿಮಿಷ ತಡೀರಿ ಸೇಠ್."

ಫೋನನ್ನು ಎದೆಗೆ ಒತ್ತಿ ಹಿಡಿದು ಮಚ್ಛೇಂದ್ರನನ್ನು ನೋಡಿದಳು. ಈ ಸಲ ನಡುವೆ ಗಾಜಿರಲಿಲ್ಲ. ನೇರ ನೋಟ.

"ಏನದ ಏನಿಲ್ಲ ಅನ್ನೋದು ನಾ ನೋಡ್ಕೊತೇನಿ. ನೀವು ಕೇಳ್ರಿ ಮೊದಲು."

ಅವನು ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಈಗಲೂ ಕೇಳದಿದ್ದರೆ ಜೀಪು ಹತ್ತಿ ಹೋಗಿಬಿಡುತ್ತೇನೆ, ತಿರುಗಿ ನೋಡುವುದಿಲ್ಲ ಎಂದುಕೊಂಡಳು.

"ಇವಾಂಜಲಿನ" ಎಂದ. ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಹೋಗಬ್ಯಾಡ್ರಿ. ನನ್ನ ಜೋಡಿ ಇರ್ರಿ."

ಅವಳು ಫೋನನ್ನು ಕಿವಿಗಿಟ್ಟಳು.

"ಸೇಠ್, ರೂಮು ಬ್ಯಾಡ್ರಿ. ಔರಾದದಾಗ ಕಂಪ್ಯೂಟರ್ ನೋಡೋರು ಯಾರೂ ಇಲ್ಲ. ನಾ ಇಲ್ಲೇ ಅಂಗಡಿ ಇಡ್ತೇನಿ."

ಸೇಠ್ ಏನೋ ಕೂಗುತ್ತಿದ್ದ. ಅವಳು ಫೋನು ಕಟ್ ಮಾಡಿದಳು. ಮಾಸ್ತರ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ.

"ನಮ್ಮವ್ವಗ ಏನ್ ಮಾಡ್ತೀರಿ?" ಎಂದಳು. "ಆಕಿ ಯಾವ ಚರ್ಚಿನ ಹುಡುಗ ಅಂತ ಕೇಳ್ತಾಳ. ನೀವು ಬುದ್ಧವಿಹಾರಕ್ಕ ಹೋಗೋರು."

"ಅವರಿಗೂ ಕೇಳ್ತೇನಿ."

"ಇಲ್ಲ ಅಂದ್ರ?"

"ಮತ್ತ ಕೇಳ್ತೇನಿ."

ಇವಾಂಜಲಿನ ಜೀಪಿನವನಿಗೆ ಇನ್ನೂ ತಡವಿದೆ ಎಂದು ಕೈಸನ್ನೆ ಮಾಡಿ, ಅವನ ಪಕ್ಕದಲ್ಲಿ ಕೂತಳು. ನಡುವೆ ಜಾಗ ಬಿಡಲಿಲ್ಲ.