ಇನ್ನೊಂದು ಮಗ್ಗುಲು

ಕಿಟಕಿಯ ಕೋಣೆಯನ್ನು ಖಾಲಿ ಮಾಡು ಎಂದು ಅಣ್ಣ ಹೇಳಿದ್ದು ಊಟದ ತಟ್ಟೆಯ ಮುಂದೆ, ಉಪ್ಪು ಕೇಳಿದಷ್ಟೇ ಸಲೀಸಾಗಿ.

"ಹೊಲಿಗೆ ಮಷೀನು ವರಾಂಡದಲ್ಲಿ ಇಟ್ಕೋ. ಅಲ್ಲಿ ಬಿಸಿಲು ಬೀಳತ್ತೆ, ನನ್ನ ರೆಕಾರ್ಡು ಇಟ್ರೆ ಡೊಂಕಾಗತ್ತೆ. ನೀನೇನು ಡೊಂಕಾಗಲ್ವಲ್ಲ!"

ತನ್ನ ಮಾತಿಗೆ ತಾನೇ ನಕ್ಕ. ಬೀದಿಯವರೆಲ್ಲ ಟೈಲರಕ್ಕ ಎಂದು ಕರೆಯುವ ಅವನ ತಂಗಿ ತುತ್ತು ನುಂಗಿ ಅವನ ತಟ್ಟೆಗೆ ಸಾರು ಬಡಿಸಿದಳು. ಇಪ್ಪತ್ತೆಂಟು ವರ್ಷ ಅವಳು ಆ ಕಿಟಕಿಯ ಬೆಳಕಿನಲ್ಲೇ ಸೂಜಿಗೆ ದಾರ ಪೋಣಿಸಿದ್ದಳು. ಮದುವೆ ಅವನಿಗೂ ಆಗಲಿಲ್ಲ, ಅವಳಿಗೂ ಆಗಲಿಲ್ಲ; ಅವನಿಗೆ ಬೇಯಿಸಿ ಹಾಕುವುದೇ ಅವಳ ಸಂಸಾರವಾಯಿತು. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ಅವನು ವಾರವಾರವೂ ಗುಜರಿ ಅಂಗಡಿಗೆ ಹೋಗಿ, ಯಾರಿಗೋ ಬೇಡವಾದ ಹಳೆಯ ಹಾಡಿನ ರೆಕಾರ್ಡುಗಳನ್ನು ಕಾಸಿಗೊಂದು ಕೊಸರಿಗೆರಡು ಎನ್ನುವ ಬೆಲೆಗೆ ಹೊತ್ತು ತರುತ್ತಿದ್ದ. ಮೊದಲು ನಡುಮನೆ ಹೋಯಿತು. ಆಮೇಲೆ ಅಮ್ಮನ ಕೋಣೆ, ಅಡುಗೆಮನೆಯ ಅಟ್ಟ. ಈಗ ಕಿಟಕಿ.

ಅವನ್ನು ಮುಟ್ಟಲು ಅವಳಿಗೆ ಅಪ್ಪಣೆಯಿರಲಿಲ್ಲ. "ನಿನ್ನ ಎಣ್ಣೆ ಕೈ" ಎನ್ನುತ್ತಿದ್ದ. ಅದರಲ್ಲೂ ಪ್ಲೇಯರಿನ ಮೇಲಿನ ಹಲಗೆಯ ಹನ್ನೊಂದು ರೆಕಾರ್ಡು ಅವನ ಪಾಲಿಗೆ ಮಕ್ಕಳು. ಕವರಿಲ್ಲದ ರೆಕಾರ್ಡು ಚಡ್ಡಿಯಿಲ್ಲದ ಮಗುವಿದ್ದ ಹಾಗೆ ಎಂದು ಅವನು ಗುಜರಿಯವನಿಗೂ ಊರಿಗೆಲ್ಲ ನೂರು ಸಲ ಹೇಳಿದ್ದ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ತರುತ್ತಿರಲಿಲ್ಲ.

ವರಾಂಡಕ್ಕೆ ಬಂದ ಮೊದಲ ಮಧ್ಯಾಹ್ನವೇ ಅವಳ ತಲೆಯಲ್ಲಿ ಒಂದು ಯೋಚನೆ ಮೂಡಿತು. ಅವಳದು ಮೂರು ಸಲ ಅಳೆದು ಒಂದೇ ಸಲ ಕತ್ತರಿಸುವ ಕೈ. ಕೊಲೆ ಎಂಬ ಶಬ್ದವನ್ನು ಅವಳು ಮನಸ್ಸಿನಲ್ಲೂ ಆಡಲಿಲ್ಲ. ಅಣ್ಣ ಮನೆ ಬಿಟ್ಟು ಹೋಗುತ್ತಾನೆ, ಅಷ್ಟೇ.

ಹೋಗುವುದು ಅವನಿಗೆ ಹೊಸದೂ ಅಲ್ಲ. ಹನ್ನೆರಡು ವರ್ಷದ ಹಿಂದೆ ಜಗಳವಾಡಿ ಚೀಟಿ ಬರೆದಿಟ್ಟು ಹೋಗಿದ್ದ: "ನನಗೆ ಸಾಕಾಗಿದೆ. ಹೋಗುತ್ತಿದ್ದೇನೆ. ಹುಡುಕಬೇಡ." ನಾಲ್ಕು ದಿನಕ್ಕೆ ರೆಕಾರ್ಡಿನ ಕಟ್ಟು ಹೊತ್ತು ವಾಪಸು ಬಂದ. ತಾರೀಖಿಲ್ಲದ ಆ ಚೀಟಿ ಗುಂಡಿಗಳ ಡಬ್ಬಿಯ ತಳದಲ್ಲಿ ಬೆಳಕು ಕಾಣದೆ ಬೆಳ್ಳಗೇ ಉಳಿದಿತ್ತು. ಅಕ್ಷರ ಅವನದೇ. ಅದನ್ನು ಅವಳು ಯಾಕೆ ಇಟ್ಟುಕೊಂಡಿದ್ದಳು? ಪ್ರೀತಿಗೋ, ಇದಕ್ಕೋ? ಅವಳಿಗೇ ಗೊತ್ತಿರಲಿಲ್ಲ.

ಇಟ್ಟಿಗೆ ಗೂಡಿನ ಹಿಂದೆ ಕಲ್ಲು ತೆಗೆದುಬಿಟ್ಟ ಹೊಂಡವಿತ್ತು, ತುಂಬ ನೀರು, ತಳದಲ್ಲಿ ಕೆಸರು, ಜೊಂಡು. ಒಮ್ಮೆ ಲಾರಿಯೇ ಬಿದ್ದು ಇವತ್ತಿಗೂ ಸಿಕ್ಕಿಲ್ಲ. ಅಣ್ಣನಿಗೆ ಈಜು ಬಾರದು.

ಆ ಗುರುವಾರ ಅವನು ಕಣ್ಣು ಮುಚ್ಚಿ ಹಾಡು ಕೇಳುತ್ತ ಕುಳಿತಿದ್ದ. ಅವಳು ಬಾಗಿಲಲ್ಲಿ ನಿಂತು ಹೇಳಿದಳು:

"ಅಣ್ಣ, ಹೊಂಡದ ಆಚೆ ಮನೇಲಿ ಯಾರೋ ಮುದುಕರು ತೀರ್ಕೊಂಡ್ರಂತೆ. ಪೆಟ್ಟಿಗೆ ತುಂಬ ರೆಕಾರ್ಡಂತೆ, ಬೇಕಾದವ್ರು ಒಯ್ಲಿ ಅಂತಿದಾರೆ."

ಅವನ ಕಣ್ಣು ಥಟ್ಟನೆ ತೆರೆಯಿತು. ಮುಳ್ಳನ್ನು ಮೆಲ್ಲಗೆ ಎತ್ತಿದ, ಮುಚ್ಚಳ ಹಾಕಿದ. "ನಡಿ ನಡಿ, ಬೇರೆಯವ್ರು ಬಾಚ್ಕೊಳ್ಳೋ ಮೊದ್ಲು. ಇನ್ನೊಂದು ಮಗ್ಗುಲು ಬಂದ್ಮೇಲೆ ಕೇಳಿದ್ರಾಯ್ತು."

ಹೊಂಡದ ಅಂಚಿನಲ್ಲಿ ನಿಂತು, "ಎಲ್ಲೇ ಆ ಮನೆ?" ಎಂದ. ಅದೇ ಕೊನೆಯ ಮಾತು.

ಅವಳು ಮನೆಗೆ ಬಂದು ಕೈ ತೊಳೆದಳು. ಹೋಗುವವನು ಏನೇನು ಒಯ್ಯುತ್ತಾನೆ? ಎರಡು ಜೊತೆ ಬಟ್ಟೆ, ಮಾತ್ರೆ, ಓದುವ ಕನ್ನಡಕ. ಮತ್ತೆ ಮಕ್ಕಳು. ಹಲಗೆಯ ಮೇಲಿನ ಹನ್ನೊಂದು ಕವರನ್ನೂ ಎರಡು ಸಲ ಎಣಿಸಿ ಎತ್ತಿಕೊಂಡಳು. ಜೀವಮಾನದಲ್ಲಿ ಮೊದಲ ಬಾರಿ ಅವನ್ನು ಮುಟ್ಟಿದ್ದಳು. ಇವಕ್ಕೆ ಇಷ್ಟೇನಾ ಭಾರ ಅನ್ನಿಸಿತು. ಎಲ್ಲವನ್ನೂ ಬಟ್ಟೆಯ ಗಂಟಿಗೆ ಸೇರಿಸಿ, ಒಳಗೊಂದು ಹಳೆಯ ಇಸ್ತ್ರಿಪೆಟ್ಟಿಗೆ ಇಟ್ಟು ಹೊರಟಳು.

"ಏನ್ ಟೈಲರಕ್ಕ, ಗಂಟು ಜೋರು!" ಎಂದಳು ಎದುರುಮನೆಯವಳು.

"ಸ್ಕೂಲ್ ಯೂನಿಫಾರ್ಮು ಕಣೇ, ಸೊಂಟ ಬಿದ್ದೋಯ್ತು."

ಗಂಟು ಎರಡು ಗುಳ್ಳೆ ಬಿಟ್ಟು ಮುಳುಗಿತು.

ಠಾಣೆಯವರು ಚೀಟಿ ನೋಡಿದರು, ಖಾಲಿ ಹಲಗೆ ನೋಡಿದರು, ಮರುಗಿದರು. ಅವಳು ಅಂದುಕೊಂಡಷ್ಟು ಸುಲಭವಾಗಿ ಎಲ್ಲ ಮುಗಿಯಿತು. ಆದರೆ ಅಂದುಕೊಂಡ ಹಗುರ ಮಾತ್ರ ಬರಲಿಲ್ಲ. ದಿನವೂ ಇಬ್ಬರಿಗಾಗುವಷ್ಟು ಬೇಯಿಸಿ ಅರ್ಧ ಚೆಲ್ಲಿದಳು. ಮಷೀನು ವರಾಂಡದಲ್ಲೇ ಇತ್ತು. ಕಿಟಕಿಯ ಕೋಣೆಯಲ್ಲಿ ರೆಕಾರ್ಡುಗಳು ಎದೆಮಟ್ಟ ನಿಂತಿದ್ದವು. ಅವು ಹೋದರೆ ಬೆಳಕು ಬರುತ್ತದೆ, ಬೆಳಕು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಮೂರನೆಯ ವಾರ ಗುಜರಿಯವನಿಗೆ ಹೇಳಿಕಳಿಸಿದಳು.

ಅವನು ಗಾಡಿ ತಂದ ಹೊತ್ತಿಗೇ, ಕಾಣೆಯಾದವರ ಕಡತಕ್ಕೆ ಕೊನೆಯ ಸಹಿ ಹಾಕಿಸಿಕೊಳ್ಳಲು ಪೇದೆಯೂ ಬಂದಿದ್ದ. ಅವಳು ಪೇದೆಗೆ ಚಹಾ ಕೊಟ್ಟು ಪೆನ್ನು ಹುಡುಕುತ್ತಿದ್ದಳು.

"ಅಕ್ಕಾ, ಪ್ಲೇಯರೂ ಒಯ್ಲಾ?" ಒಳಗಿನಿಂದ ಗುಜರಿಯವನು ಕೂಗಿದ.

"ಎಲ್ಲಾ ಒಯ್ಯಪ್ಪ. ಒಂದೂ ಬಿಡ್ಬೇಡ."

ಮುಚ್ಚಳ ತೆರೆದ ಸದ್ದು. ಗುಜರಿಯವನು ಎರಡು ಅಂಗೈಗಳ ನಡುವೆ, ಅಣ್ಣ ಹಿಡಿಯುತ್ತಿದ್ದ ಹಾಗೆಯೇ, ಒಂದು ಬರಿಯ ರೆಕಾರ್ಡು ಹಿಡಿದು ಹೊರಗೆ ಬಂದ. "ಇದು ಆ ಹನ್ನೊಂದ್ರಲ್ಲಿ ಒಂದು, ಕೆಂಪು ಲೇಬಲ್ಲಿಂದು. ನಾನೇ ಮಾರಿದ್ದು. ಇದರ ಕವರ್ ಎಲ್ಲಕ್ಕಾ?" ಎಂದ. ಪೇದೆ ಲೋಟ ಕೆಳಗಿಟ್ಟು ಕಡತದ ಹಾಳೆಯನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿದ. "ಹನ್ನೊಂದನ್ನೂ ತಗೊಂಡು ಹೋದ್ರು ಅಂತ ನೀವೇ ಬರೆಸಿದ್ರಲ್ಲಮ್ಮಾ. ಮಗೂನ ಇಲ್ಲೇ ಬಿಟ್ಟು, ಬರೀ ಚಡ್ಡಿ ತಗೊಂಡು ಹೋದ್ರಾ?"