ಇರುಳಪ್ಪನ್ ನಾದಸ್ವರದ ಕೇಸು

ಅರಗಿನ ಮೊಹರು ಒಡೆದು ಗವಸನ್ನು ಬಿಚ್ಚಿದೆ. ಮೇಜಿನ ಮೇಲೆ ಬಿದ್ದದ್ದು ನಾದಸ್ವರವಲ್ಲ—ಒಣಗಿ ಕಪ್ಪಾದ ಕಬ್ಬಿನ ತುಂಡು!

ಬೆಂಚ್ ಕ್ಲರ್ಕ್ ಆದ ನಾನು ಚೀಟಿಯ ಮೇಲಿನ ಕೇಸ್ ನಂಬರನ್ನು ಇನ್ನೊಮ್ಮೆ ಓದಿದೆ. ಹದಿನೇಳು ವರ್ಷದಿಂದ ನಮ್ಮ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಕೊಳೆಯುತ್ತಿದ್ದ ಕಳ್ಳತನದ ಕೇಸು ಅದು. ಪೊಂಗಲ್ ದಿನದ ಸಂಗೀತ ಕಚೇರಿಯೊಂದರಲ್ಲಿ ವಿದ್ವಾನ್ ಇರುಳಪ್ಪನ್ ಅವರ ನಾದಸ್ವರ ಕಾಣೆಯಾಗಿತ್ತು. ಅದರ ಗವಸು ಡೋಲಿನ ವೈರವನ್‌ನ ಚೀಲದಲ್ಲಿ ಸಿಕ್ಕಿತ್ತು; ವಾದ್ಯ ಒಳಗಿದೆಯೆಂದುಕೊಂಡು ಪೊಲೀಸರು ಹಾಗೇ ಮೊಹರು ಹಾಕಿದ್ದರು. ಅಂದಿನಿಂದ ಸಾಕ್ಷಿ ಬಂದರೆ ವಕೀಲರಿಲ್ಲ, ವಕೀಲರು ಬಂದರೆ ನ್ಯಾಯಾಧೀಶರಿಗೆ ವರ್ಗ. ಕಳ್ಳನೆಂಬ ಹೆಸರು ಹೊತ್ತ ವೈರವನ್‌ನನ್ನು ಒಂದು ಮದುವೆಗೂ ಯಾರೂ ಕರೆಯಲಿಲ್ಲ. ಇಟ್ಟಿಗೆ ಹೊತ್ತು ಮಗಳನ್ನು ಸಾಕಿದ.

“ನಾನು ಅವತ್ತೇ ಬಡ್ಕೊಂಡೆ ಸ್ವಾಮಿ!” ಕಟಕಟೆಯಿಂದ ವೈರವನ್ ಕೂಗಿದ. “ಚಪ್ಪರದ ಹಿಂದೆ ಖಾಲಿ ಗವಸು ಬಿದ್ದಿತ್ತು. ಮಗಳಿಗೆ ಅಂತ ಕಬ್ಬು ತುರುಕಿದೆ. ಇನ್ಸ್‌ಪೆಕ್ಟರು ಬಿಚ್ಚಿ ನೋಡ್ಲೇ ಇಲ್ಲ. ‘ಕೋರ್ಟಲ್ಲಿ ಹೇಳ್ಕೋ’ ಅಂದ್ರು!”

“ಸುಳ್ಳು! ಆಮೇಲೆ ಬದಲಾಯ್ಸಿದಾನೆ!” ಇರುಳಪ್ಪನ್ ಎದ್ದು ನಿಂತರು.

ಸರ್ಕಾರಿ ವಕೀಲೆ ತಿಲಕವತಿ ಗವಸನ್ನು ಕೊಡವಿದರು. ಸತ್ತು ಒಣಗಿದ ಇರುವೆಗಳು ಉದುರಿದವು.

“ಮೊಹರು ಹಳೇದು, ಹೊಲಿಗೆ ಹಳೇದು, ಇರುವೇನೂ ಹಳೇದು. ಮೊದಲಿಂದಲೂ ಒಳಗಿದ್ದದ್ದು ಕಬ್ಬೇ.”

“ಹಾಗಾದ್ರೆ ನನ್ನ ನಾದಸ್ವರ ಎಲ್ಲಮ್ಮಾ?”

“ನಿಮ್ಮ ಬಗಲಲ್ಲಿರೋ ನಾದಸ್ವರ ಯಾರದು?”

“ಇದಾ? ನನ್ನ ಭಾವಮೈದುನ ಕಲಿಯಮೂರ್ತೀದು. ಸಂಜೆ ಮದುವೆ ಇದೆ, ತಂದಿದೀನಿ. ನಂದು ಹೋದ ಮೇಲೆ ಪಾಪ, ಇವನೇ ಕೊಟ್ಟ.”

ಕಲಿಯಮೂರ್ತಿ ಎರಡನೇ ಸಾಕ್ಷಿ, ಇರುಳಪ್ಪನ್ ಜೊತೆಯ ವಾದಕ. ಪ್ರತಿ ವಾಯಿದೆಗೂ ಬಂದು ಎಲ್ಲರಿಗೂ, ಆರೋಪಿಗೂ ಸೇರಿಸಿ, ಕಾಫಿ ಕೊಡಿಸುವ ಸಾಧು ಮನುಷ್ಯ.

“ಕೈಗೆ ಹೊಂದೋಕೆ ಕಷ್ಟ ಆಯ್ತಾ?”

“ಇಲ್ಲಮ್ಮಾ, ಮೊದಲ ದಿನವೇ ಹೊಂದಿಕೊಳ್ತು! ಮೇಣ ಕೂಡ ಮುಟ್ಟಲಿಲ್ಲ.”

ತಿಲಕವತಿ ನಕ್ಕರು.

“ಅಯ್ಯಾ, ಬೆರಳಾಡದ ಕೆಳಗಿನ ತೂತುಗಳಿಗೆ ಒಬ್ಬೊಬ್ಬ ವಾದಕ ತನ್ನ ಶ್ರುತಿಗೆ ತಕ್ಕಂತೆ ಮೇಣ ತುಂಬ್ತಾನಲ್ವಾ? ಬೇರೆಯವರ ವಾದ್ಯ ಬಂದ್ರೆ ಕೆರೆದು ಹೊಸದಾಗಿ ತುಂಬಬೇಕು. ಇದರಲ್ಲಿ ನಿಮ್ಮ ಮೇಣ ಮೊದಲೇ ಹೇಗೆ ಬಂತು?”

ಇರುಳಪ್ಪನ್ ನಾದಸ್ವರವನ್ನು ತಿರುಗಿಸಿ ಕೆಳಗಿನ ತೂತುಗಳನ್ನು ಸವರಿ ನೋಡಿದರು.

“ನಿಮ್ಮ ವಾದ್ಯಕ್ಕೆ ಏನಾದ್ರೂ ಗುರುತಿತ್ತಾ?”

“ಮೇಲ್ಗಡೆ ಸೀಳು ಬಿಟ್ಟಿತ್ತು. ಅಪ್ಪ ತಾಮ್ರದ ತಂತಿ ಸುತ್ತಿದ್ರು…”

“ಈ ವಾದ್ಯದ ಮೇಲ್ಗಡೆ ಇರೋ ಬೆಳ್ಳಿ ಪಟ್ಟಿ ಸರಿಸಿ ನೋಡಿ.”

ಪಟ್ಟಿ ಸರಿಯಿತು. ಕೆಳಗೆ ಹಸಿರುಗಟ್ಟಿದ ತಾಮ್ರದ ತಂತಿ!

ಕಲಿಯಮೂರ್ತಿ ಓಡಿಬಂದು ಇರುಳಪ್ಪನ್ ಕಾಲು ಹಿಡಿದ.

“ಒಂದೇ ಒಂದು ದಿನ ಮುಂದೆ ಕೂತು ನುಡಿಸೋ ಆಸೆ ಭಾವ. ನಿಮ್ಮ ವಾದ್ಯ ಕಾಣದಿದ್ರೆ ನನ್ನನ್ನ ಕರೀತಾರೆ ಅಂತ ತೆಗೆದು ಬಚ್ಚಿಟ್ಟೆ, ಗವಸನ್ನ ಚಪ್ಪರದ ಹಿಂದೆ ಎಸೆದೆ. ಅಷ್ಟರಲ್ಲಿ ಪೊಲೀಸು! ಹೆದರಿಬಿಟ್ಟೆ. ಎಣ್ಣೆ ಹಚ್ಚಿ ಕಪ್ಪು ಮಾಡಿ, ಪಟ್ಟಿ ಹಾಕಿಸಿ ನಿಮಗೇ ಕೊಟ್ಟೆ.”

“ಹದಿನೇಳು ವರ್ಷ ನನಗೆ ಕಾಫಿ ಕುಡಿಸಿದೆಯಲ್ಲೋ ಪಾಪಿ!” ವೈರವನ್ ಹಲ್ಲು ಕಡಿದ.

“ಇವನ ಮೇಲೆ ಕೇಸು ಹಾಕಬೇಕಾ?” ನ್ಯಾಯಾಧೀಶರು ಕೇಳಿದರು.

“ಕಾಲಮಿತಿ ಮುಗಿದಿದೆ ಸ್ವಾಮಿ,” ಎಂದರು ತಿಲಕವತಿ. “ಮುಗೀದಿದ್ರೂ, ಇನ್ನೊಂದು ಹದಿನೇಳು ವರ್ಷಕ್ಕೆ ನಮ್ಮಲ್ಲಿ ಯಾರಿರ್ತಾರೆ?”

ಕೋರ್ಟು ಗೊಳ್ಳೆಂದು ನಕ್ಕಿತು. ನ್ಯಾಯಾಧೀಶರು ನಗು ನುಂಗಿಕೊಂಡು ವೈರವನ್‌ನನ್ನು ಖುಲಾಸೆ ಮಾಡಿದರು.

ಇರುಳಪ್ಪನ್ ಕಟಕಟೆಯ ಹತ್ತಿರ ಹೋದರು. ಕೈ ಮುಗಿಯಲು ಹೊರಟವರ ಕೈಗಳನ್ನು ವೈರವನ್ ಹಿಡಿದುಕೊಂಡ.

“ವೈರವಾ, ಸಂಜೆ ಮದುವೆಗೆ ಡೋಲು ನೀನೇ ಬಾರಿಸ್ಬೇಕು ಕಣೋ.”

“ಕೈ ಮರೆತಿದೆಯೋ ಏನೋ ಅಣ್ಣಾ…”

“ಈಗಲೇ ನೋಡೋಣ ಬಾ!”

ಯಾರದೋ ಡೋಲು ಬಂತು. ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ ನಾದಸ್ವರ ಮೊಳಗಿತು. ವೈರವನ್ ಮೊದಲು ಎರಡು ಪೆಟ್ಟು ತಪ್ಪಿದ. ಮೂರನೆಯದಕ್ಕೆ ಕಣ್ಣು ಮುಚ್ಚಿದ, ಆಮೇಲೆ ತಪ್ಪಲಿಲ್ಲ. ನಾನು ಮುಂದಿನ ಕೇಸಿನವರ ಹೆಸರು ಕೂಗಿದೆ, ಮತ್ತೆ ಕೂಗಿದೆ. ಯಾರೂ ಬರಲಿಲ್ಲ. ಎಲ್ಲರೂ ಹೊರಗೆ ತಾಳ ಹಾಕುತ್ತಿದ್ದರು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಹೇಳಿದರು:

“ಆ ಕಿಟಕಿ ಸ್ವಲ್ಪ ತೆಗೀರಿ.”