ಹೊಸ್ತಿಲ ಮೊಳೆಗಳು

"ಒಳಗೆ ಕೂತಿದ್ದಾಗ ಬಾಗಿಲು ತಟ್ಟಿದ ಸದ್ದಾದ್ರೆ, ಮೊದಲು ನೀವೂ ಒಳಗಿಂದ ಮೂರು ಸಲ ತಟ್ಟಿಬಿಡಿ ಮೇಷ್ಟ್ರೇ. ಯಾರು, ಏನು ಅಂತ ಆಮೇಲೆ ಕೇಳಿದ್ರಾಯ್ತು."

ಉಣ್ಣೆ ಗಿರಣಿಯ ಸಾಹುಕಾರ ಟರ್ನ್‌ಬುಲ್ ಲಾಡ್ಜ್ ಮಂದಿರದ ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. ಇಟ್ಟರೇ ಹೊರತು ಅದರ ಮೇಲಿಂದ ಬೆರಳು ತೆಗೆಯಲಿಲ್ಲ.

ಶಾಲೆಯ ಹೊಸ ಮೇಷ್ಟ್ರು ಹೆಕ್ಟರ್ ಗಲ್‌ಬ್ರೇತ್ ನಕ್ಕ. "ಸಾಹುಕಾರ್ರೇ, ಉಗಿಯಂತ್ರ ಓಡಿಸೋರು ನೀವು. ನೀವೇ ಹಿಂಗಂದ್ರೆ ನಿಮ್ಮ ಕೂಲಿಯವರ ಗತಿಯೇನು?"

"ತೆರಿಗೆಯವರನ್ನ ಬಿಟ್ರೆ ನಾನು ಯಾರಿಗೂ ಹೆದರೋನಲ್ಲ. ಆದ್ರೆ ಆ ಬಾಗಿಲಿಗೆ ಹೆದರ್ತೀನಿ. ಸೇತುವೆ ಹತ್ರ ಯಾರ್ಯಾರದೋ ಮನೆ ಬಾಗಿಲ ಮುಂದೆ ಒಬ್ಬ ಮುದುಕಿ ನಿಂತಿರ್ತಾಳಲ್ಲ, ನೋಡಿದೀರಾ?"

"ನೋಡಿದೀನಿ. ಪಾಪ, ಅರಳುಮರಳು."

"ಅವಳು ನಮ್ಮ ಚಿಕ್ಕಮ್ಮ. ಹರೆಯದಲ್ಲಿ ನಿಂತೋಳು, ಇವತ್ತಿಗೂ ನಿಂತಿದಾಳೆ. ನಮ್ಮ ಚಿಕ್ಕಪ್ಪ ಅವತ್ತು ತಿರುಗಿ ತಟ್ಟಲಿಲ್ಲ."

"ಸರಿ ಬಿಡಿ. ಮೂರೇನು, ಮುನ್ನೂರು ಸಲ ತಟ್ತೀನಿ," ಎಂದು ಹೆಕ್ಟರ್ ಆ ದಪ್ಪ ಬೆರಳಿನ ಅಡಿಯಿಂದ ಬೀಗದ ಕೈಯನ್ನು ಎಳೆದುಕೊಂಡ.

ಓದಿದವರಿಗೆ ಬುದ್ಧಿ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಹಾಗೆಂದು ಅವನು ಕೆಟ್ಟವನಲ್ಲ. ಹೆಂಡತಿ ಐಲ್ಸಳ ಎದೆ ಗ್ಲಾಸ್ಗೋದ ಹೊಗೆಗೆ ಹಾಳಾಗಿ, ಇನ್ನೇನು ಕೈತಪ್ಪಿ ಹೋದಳು ಎನ್ನುವಾಗ, ಒಳ್ಳೆಯ ಸಂಬಳದ ಕೆಲಸ ಬಿಟ್ಟು ಈ ಗುಡ್ಡಗಾಡಿನ ಬ್ರೆಕನ್‌ಲಾ ಊರಿಗೆ ಅವಳನ್ನು ಕರೆತಂದವನು. ಇಲ್ಲಿನ ಗಾಳಿಗೆ ಅವಳ ಕೆನ್ನೆಗೆ ಬಣ್ಣ ಬಂತು. ಚಳಿ ಮಾತ್ರ ತಾಗಬಾರದು ಎಂದು ಡಾಕ್ಟರು ಎಚ್ಚರಿಸಿದ್ದರು. ಮಂಜು ಬಿದ್ದರೆ ಅವಳ ಶಾಲಿಗೆ ತಾನೇ ಗಂಟು ಹಾಕಿ ಕಳಿಸುತ್ತಿದ್ದ. ಅವಳೇ ಅವನ ಜೀವ. ಇದು ಊರಿಗೆಲ್ಲ ಗೊತ್ತಿತ್ತು, ಗೇಲಿಯನ್ನೂ ಮಾಡುತ್ತಿದ್ದೆವು.

ನಾಲ್ಕು ಜನರ ಒಡನಾಟವಿರಲಿ ಎಂದು ಅವನು ಇಲ್ಲಿನ ಮೇಸನ್ ಲಾಡ್ಜಿಗೆ, ಅಂದರೆ ಬಾಗಿಲು ಹಾಕಿಕೊಂಡು ಸಭೆ ನಡೆಸುವ ಗುಟ್ಟಿನ ಸಂಘಕ್ಕೆ, ಸೇರಿದ್ದ. ಲಾಡ್ಜಿಗೆ ನೂರೈವತ್ತು ವರ್ಷ ತುಂಬುತ್ತಿತ್ತು. ಸಂತ ಆಂಡ್ರೂ ಹಬ್ಬದ ಔತಣದಲ್ಲಿ ಓದಲು ಒಂದು ಚರಿತ್ರೆ ಬೇಕಾಗಿ, ಆ ಕೆಲಸವನ್ನು ಮೇಷ್ಟ್ರಿಗೇ ಒಪ್ಪಿಸಿದರು. ಹೆಕ್ಟರ್ ಎಲ್ಲವನ್ನೂ ಬರೆದ. ಮಂದಿರ ಕಟ್ಟಿದ್ದು, ಸೂರು ಕುಸಿದದ್ದು, ಯಾವ ಜಮೀನ್ದಾರ ಯಾವ ಬೆಳ್ಳಿ ಬಟ್ಟಲು ಕೊಟ್ಟ ಎಂಬುದು. ಒಂದು ಸಂಗತಿಯನ್ನು ಮಾತ್ರ ಹೊಡೆದುಹಾಕಿದ. ಅದು ಅಜ್ಜಿ ಕತೆ, ಚರಿತ್ರೆಯಲ್ಲ ಎಂದ.

ಅವನು ಹೊಡೆದುಹಾಕಿದ್ದನ್ನು ನಾನು ಹೇಳುತ್ತೇನೆ.

ಸಭೆ ನಡೆಯುವಾಗ ಸದಸ್ಯನೊಬ್ಬ, ಅವರ ಮಾತಿನಲ್ಲಿ ಸೋದರ, ಕತ್ತಿ ಹಿರಿದು ಬಾಗಿಲ ಹೊರಗೆ ಕಾವಲು ನಿಲ್ಲಬೇಕು. ಹಿಂದೆ ನಿನಿಯನ್ ಹಿಸ್ಲಾಪ್ ಎಂಬವನು ಹಾಗೆ ನಿಂತಿದ್ದ. ಹಿಮ ಬೀಸತೊಡಗಿತು. ಒಳಗೆ ಜಮೀನ್ದಾರನ ಮಗನಿಗೆ ದೀಕ್ಷೆ. ನಿಧಾನವಾಗಿ ಮೂರು ಸಲ ತಟ್ಟಿದರೆ ಅದು ಸೋದರನ ಸದ್ದು. ಬೇರೆ ಥರ ತಟ್ಟಿದರೆ ಹೊರಗಿನವರು, ತೆಗೆಯಬಾರದು. ಇದು ಕಟ್ಟಳೆ. ನಿನಿಯನ್ ತಟ್ಟಿದ. ಆದರೆ ಮರಗಟ್ಟಿದ ಕೈ ಲೆಕ್ಕ ಇಡುತ್ತದೆಯೇ? ದಡದಡ ಬಡಿಯಿತು. ಒಳಗಿನವರೆಲ್ಲ ಕೇಳಿಸಿಕೊಂಡರು. "ಇದು ನಮ್ಮವರ ಸದ್ದಲ್ಲ" ಎಂದು ದೀಕ್ಷೆ ಮುಂದುವರಿಸಿದರು. ಕೆಲಸ ಮುಗಿಸಿ ತೆಗೆದಾಗ ಅವನು ಕತ್ತಿ ಹಿಡಿದೇ ಸೆಟೆದು ನಿಂತಿದ್ದ. ಕಟ್ಟಳೆಯಂತೆ ಕಟ್ಟಳೆ. ಅದಕ್ಕಿಷ್ಟು ಬೆಂಕಿ ಹಾಕ.

ಅವನ ಹೆಂಡತಿ ಗ್ರಿಜೆಲ್ ಮಂತ್ರ ಬಲ್ಲವಳು. ಹಸುವಿಗೆ ದೃಷ್ಟಿ ತೆಗೆಯುವವಳು, ಹೆರಿಗೆ ಕಷ್ಟವಾದರೆ ಸಲೀಸಾಗಲಿ ಎಂದು ಮನೆಯಲ್ಲಿ ಕಟ್ಟಿದ ಗಂಟುಗಳನ್ನೆಲ್ಲ ಬಿಚ್ಚುವವಳು. ಅವಳು ಅಳಲಿಲ್ಲ. ಗಂಡನ ಬೂಟು ಬಿಚ್ಚಿ, ಅಡಿಯ ಮೊಳೆಗಳನ್ನು ಕಿತ್ತು, ಅವನದೇ ಕೂದಲಿನ ಉರಿಯಲ್ಲಿ ಕಾಯಿಸಿ, ಲಾಡ್ಜಿನ ಹೊಸ್ತಿಲಿಗೆ ಒಂದೊಂದಾಗಿ ಬಡಿದಳು.

"ಅವನು ಇನ್ನು ಸರಿಯಾಗೇ ತಟ್ತಾನೆ. ನೀವು ಓಗೊಡದೇ ಇದ್ರೆ, ನಿಮ್ಮ ಪ್ರಾಣದಂಥೋರು ಬಂದು ತಟ್ತಾರೆ. ನಿಮಗೆ ಕೇಳ್ತದೆ, ಕೈ ಏಳೋದಿಲ್ಲ."

ಆ ಬಾಗಿಲು, ಆ ಹೊಸ್ತಿಲು ಕಿತ್ತು ಒಲೆಗೆ ಹಾಕಬಾರದಿತ್ತೇ ಎನ್ನುತ್ತೀರಿ. ಹಾಕಿದ್ದರು. ಹೊಸ ಹೊಸ್ತಿಲಿನಲ್ಲೂ ಬೆಳಗಾಗುವಷ್ಟರಲ್ಲಿ ಮೊಳೆಗಳಿದ್ದವು.

ಹಬ್ಬದ ಹಿಂದಿನ ದಿನ ಶಾಲೆ ಬಿಟ್ಟ ಮೇಲೆ, ಚರಿತ್ರೆಯನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಲು ಹೆಕ್ಟರ್ ಲಾಡ್ಜಿಗೆ ಹೋದ. ಕತ್ತಲಾಗುವ ಮೊದಲು ಬರುತ್ತೇನೆ ಎಂದು ಐಲ್ಸಳಿಗೆ ಮಾತು ಕೊಟ್ಟಿದ್ದ. ನವೆಂಬರಿನಲ್ಲಿ ನಮ್ಮ ಕಡೆ ಕತ್ತಲು ಮಧ್ಯಾಹ್ನದ ಹಿಂದೆಯೇ ಬಂದು ಕೂತಿರುತ್ತದೆ. ಅವನು ಅಗುಳಿ ಹಾಕಿಕೊಂಡು, ಎರಡು ಮೇಣದ ಬತ್ತಿ ಹಚ್ಚಿ, ಅಧ್ಯಕ್ಷರ ಕುರ್ಚಿಯಲ್ಲೇ ಕುಳಿತ. ಒಳಗೆ ಹಳೆಯ ಚರ್ಮದ, ಇಲಿ ಹಿಕ್ಕೆಯ, ಆರಿದ ಚುರುಟಿನ ವಾಸನೆ. ಕಿಟಕಿಗಳಿಗೆ ದಪ್ಪ ಪರದೆ. ಹೊರಗೆ ಹಿಮ ಶುರುವಾದದ್ದು ಅವನಿಗೆ ತಿಳಿಯಲಿಲ್ಲ.

ಎರಡನೇ ಪುಟದಲ್ಲಿದ್ದ.

ಟಕ್. ಟಕ್. ಟಕ್.

ನಿಧಾನ. ಅಚ್ಚುಕಟ್ಟು. ಹೆಕ್ಟರ್ ತಲೆಯೆತ್ತಿ ನಕ್ಕ. ಸಾಹುಕಾರರೇ ಯಾರನ್ನೋ ಕಳಿಸಿದ್ದಾರೆ, ತಾನು ಎದ್ದು ತಟ್ಟಿದರೆ ನಾಳೆ ಔತಣದಲ್ಲಿ ಊರೆಲ್ಲ ನಗುತ್ತದೆ ಎಂದುಕೊಂಡ.

"ನಾಳೆ ಬಾರಪ್ಪಾ ನಿನಿಯನ್," ಎಂದು ಕೂಗಿದ. "ಇವತ್ತು ನಿನ್ನನ್ನ ಹೊಡೆದುಹಾಕಿಬಿಟ್ಟಿದೀನಿ."

ಅವನು ಮತ್ತೆ ಓದಲು ತೊಡಗಿದ. ಸ್ವಲ್ಪ ಹೊತ್ತಿಗೆ ಬಾಗಿಲಡಿಯಿಂದ ಚಳಿ ನೆಲ ಹಿಡಿದು ಬಂತು. ಅದರ ಜೊತೆ ಒಂದು ವಾಸನೆ. ಒದ್ದೆ ಉಣ್ಣೆ. ಕಾದ ಕಬ್ಬಿಣ. ಸುಟ್ಟ ಕೂದಲು. ಒಂದು ಬತ್ತಿ ತಾನಾಗಿ ಆರಿತು.

ದಡ. ದಡದಡ. ದಡ.

ಈ ಸಲ ಲೆಕ್ಕವಿಲ್ಲ. ಮೆತ್ತಗಿನ ಕೈ. ಇದು ನಮ್ಮವರ ಸದ್ದಲ್ಲ ಎಂದು ಅವನ ಮನಸ್ಸು ತಾನಾಗಿಯೇ ಅಂದಿತು.

"ಹೆಕ್ಟರ್... ನಾನು. ಬಾಗಿಲು ತೆಗಿ."

ಐಲ್ಸ.

ಕುರ್ಚಿ ಉರುಳಿತು. ಓಡಿದ. ಬಾಗಿಲು ಮುಟ್ಟಿದ. ಮುಟ್ಟಿದ್ದು ಎದೆ, ಕೈಯಲ್ಲ. ಕೈ ಮೇಲೇಳಲಿಲ್ಲ. ಎರಡೂ ತೋಳು ಯಾರದೋ ತೋಳಿನಂತೆ ಜೋತುಬಿದ್ದಿದ್ದವು. ಅಗುಳಿ ಗಲ್ಲದ ಹತ್ತಿರವೇ ಇತ್ತು. ಹಲ್ಲಿನಿಂದ ಕಚ್ಚಿದ. ಕಬ್ಬಿಣಕ್ಕೆ ತುಟಿ ಅಂಟಿತು. ಎಳೆದ. ರಕ್ತ ಬಂತು. ಅಗುಳಿ ಕದಲಲಿಲ್ಲ.

"ಐಲ್ಸಾ, ಬಂದೆ. ಇಲ್ಲೇ ಇದ್ದೀನಿ. ಮನೆಗೆ ಹೋಗು. ನಿಲ್ಲಬೇಡ, ಹೋಗು."

"ಹಿಮ ಬೀಳ್ತಿದೆ ಅಂತ ಕರೆಯೋಕೆ ಬಂದೆ. ಸಾರು ತಂದಿದೀನಿ. ಹೆಕ್ಟರ್, ಒಳಗಿಲ್ವಾ?"

ಅವಳಿಗೆ ಇವನ ದನಿ ಕೇಳುತ್ತಿಲ್ಲ. ಇವನಿಗೆ ಎಲ್ಲ ಕೇಳುತ್ತಿದೆ. ಅವಳ ಕೆಮ್ಮು. ಗಂಟಲಲ್ಲಿ ಸಿಕ್ಕುವ ಉಸಿರು. ಹಿಮ ತುಳಿಯುವ ಬೂಟು. ದಡದಡ. ಮತ್ತೆ ಕೆಮ್ಮು. ತಟ್ಟುವ ಸದ್ದು ತೆಳುವಾಯಿತು. ದಡ. ದ... ನಿಂತಿತು.

ಹೆಕ್ಟರ್ ಅತ್ತ. ಆಗ ಸಾಹುಕಾರರ ಮಾತು ನೆನಪಾಯಿತು. ಕೈಯಿಲ್ಲದಿದ್ದರೇನು, ತಲೆಯಿದೆ. ಹಣೆಯನ್ನು ಬಾಗಿಲಿಗೆ ಬಡಿದ. ಒಂದು. ಚರ್ಮ ಒಡೆಯಿತು. ಎರಡು. ಕಣ್ಣಿಗೆ ರಕ್ತ ಇಳಿಯಿತು. ಮೂರು.

ಕೈಗೆ ಜೀವ ಬಂತು. ಅಗುಳಿ ಸರಿಸಿದ.

ಐಲ್ಸ ನಿಂತಿದ್ದಳು. ಬದುಕಿದ್ದಳು. ಶಾಲಿನ ಮೇಲೆ ಗೇಣುದ್ದ ಹಿಮ, ರೆಪ್ಪೆಗೆ ಹರಳು, ಕೈಯಲ್ಲಿ ಸಾರಿನ ಡಬ್ಬಿ. ಸಾರು ಕಲ್ಲಾಗಿತ್ತು. ಹೆಕ್ಟರ್ ಅವಳನ್ನು ತಬ್ಬಿ, ಉಜ್ಜಿ, ಉಸಿರು ಊದಿ, ನಗುತ್ತ ಅಳುತ್ತ ಏನೇನೋ ಹೇಳಿದ. ದೀಪ ಹಿಡಿದು ಹುಡುಕುತ್ತ ಬಂದ ಟರ್ನ್‌ಬುಲ್ ಮೆಟ್ಟಿಲ ಕೆಳಗೇ ನಿಂತರು.

"ಮೊದಲು ತಟ್ಟಿದ್ದು ಕೇಳಿಸ್ತಾ ಮೇಷ್ಟ್ರೇ?"

"ಕೇಳಿಸ್ತು."

ಸಾಹುಕಾರರು ಟೋಪಿ ತೆಗೆದರು. ದೀಪವನ್ನು ಹೊಸ್ತಿಲಿನತ್ತ ಬಾಗಿಸಿದರು. ಕಪ್ಪು ಹಿಡಿದ ಹಳೆಯ ಮೊಳೆಗಳ ಪಕ್ಕದಲ್ಲಿ ಹೊಸ ಸಾಲೊಂದು ಫಳಫಳ ಹೊಳೆಯುತ್ತಿತ್ತು. ಹೆಕ್ಟರ್ ಬಗ್ಗಿ ಹೆಂಡತಿಯ ಬೂಟು ಎತ್ತಿ ನೋಡಿದ. ಅಡಿಯಲ್ಲಿ ಬರೀ ತೂತುಗಳಿದ್ದವು.

ಐಲ್ಸಳ ಎದೆಗೆ ಏನೂ ಆಗಲಿಲ್ಲ. ಆಮೇಲೆ ಅವಳು ಕೆಮ್ಮಿದ್ದೂ ಇಲ್ಲ. ಕೊಟ್ಟರೆ ಉಣ್ಣುತ್ತಾಳೆ, ಮಲಗಿಸಿದರೆ ಮಲಗುತ್ತಾಳೆ. ಹೆಕ್ಟರ್ ಈಗ ಚರಿತ್ರೆ ಬರೆಯುವುದಿಲ್ಲ, ನಗುವುದೂ ಇಲ್ಲ. ಕತ್ತಲಾದರೆ ಅವನ ಮನೆಯ ಮುಂದೆ ಹೋಗಿ ನೋಡಿ. ಬಾಗಿಲು ಪೂರ್ತಿ ತೆರೆದಿರುತ್ತದೆ, ಒಲೆ ಉರಿಯುತ್ತಿರುತ್ತದೆ. ಅವಳು ಹೊರಗೆ ನಿಂತು ಗಾಳಿಯನ್ನು ಮೆಲ್ಲಗೆ ತಟ್ಟುತ್ತಿರುತ್ತಾಳೆ. ಅವನು ಪಕ್ಕದಲ್ಲೇ ಅವಳ ಇನ್ನೊಂದು ಕೈ ಹಿಡಿದು, "ನಾನು ಇಲ್ಲೇ ಇದ್ದೀನಿ ಐಲ್ಸಾ, ಬಾ ಒಳಗೆ," ಎನ್ನುತ್ತಾನೆ.

ಅವಳು ಪರಿಚಯವಿಲ್ಲದವರನ್ನು ನೋಡುವಂತೆ ಅವನತ್ತ ತಿರುಗಿ, ಮರ್ಯಾದೆಯಿಂದಲೇ ಹೇಳುತ್ತಾಳೆ.

"ನೀವು ಹೋಗಿ ಸಾರ್. ನನ್ನ ಗಂಡ ಒಳಗಿದ್ದಾನೆ. ದೀಪ ಕಾಣ್ತಿದೆ. ತೆಗೀತಾನೆ."